ಮೆಸ್ಕಾಲ್ ಮೂಸಿದ ಪದ್ಮಿನಿ

ಸ್ವೀಡನ್ನಿನ ವೆಸ್ಟೆರಾಸ್‌ಗೆ ಬರುವ ಮೊದಲು ಪದ್ಮಿನಿ ಹನ್ನೊಂದು ವರ್ಷ ಮೂಗಿನಿಂದಲೇ ಸಂಬಳ ತೆಗೆದುಕೊಂಡವಳು. ಬೆಂಗಳೂರಿನ ಒಂದು ಕಾಫಿ ರಫ್ತು ಕಂಪನಿಯಲ್ಲಿ ಅವಳದು ರುಚಿ ನೋಡುವ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಉದ್ದನೆಯ ಮೇಜಿನ ಮೇಲೆ ಐವತ್ತು ಬಟ್ಟಲು ಸಿದ್ಧವಾಗಿರುತ್ತಿದ್ದವು. ಚಮಚದಲ್ಲಿ ತೆಗೆದು ಸೊರ್ರೆಂದು ಹೀರುವುದು, ಬಾಯಲ್ಲಿ ಒಂದು ಸುತ್ತು ಆಡಿಸುವುದು, ಪಕ್ಕದ ಡಬ್ಬಿಗೆ ಉಗುಳಿ ಮುಂದಿನ ಬಟ್ಟಲಿಗೆ ಹೋಗುವುದು. ಮುಗ್ಗಲು ಹಿಡಿದದ್ದು, ಗೋಣಿಚೀಲದ ವಾಸನೆ ಹೀರಿಕೊಂಡದ್ದು, ಹುದುಗು ಹೆಚ್ಚಾಗಿ ಕೊಳೆತದ್ದು, ಐವತ್ತರಲ್ಲಿ ಒಂದೇ ಇದ್ದರೂ ಅವಳಿಗೆ ಸಿಕ್ಕಿಬೀಳುತ್ತಿತ್ತು. ಅವಳು ಬೇಡವೆಂದ ಲಾಟು ಹಡಗು ಹತ್ತುತ್ತಿರಲಿಲ್ಲ. ಆ ಹನ್ನೊಂದು ವರ್ಷ ಅವಳು ಕೆಲಸದ ದಿನಗಳಲ್ಲಿ ಮಲ್ಲಿಗೆ ಮುಡಿಯಲಿಲ್ಲ, ಬೆಳಗಿನ ಅಡುಗೆಗೆ ಇಂಗು ಬೆಳ್ಳುಳ್ಳಿ ಮುಟ್ಟಲಿಲ್ಲ.

ಗಂಡ ಪ್ರಹ್ಲಾದನಿಗೆ ವೆಸ್ಟೆರಾಸ್‌ನ ವಿದ್ಯುತ್ ಉಪಕರಣಗಳ ಕಂಪನಿಯಲ್ಲಿ ಕೆಲಸ ಸಿಕ್ಕಾಗ ಮಗಳು ಇಳಾಗೆ ಏಳು ವರ್ಷ. ಹೋಗುವುದು ಅಂತ ಮೂವರೂ ಕೂತು ತೀರ್ಮಾನಿಸಿದ್ದರು, ಪದ್ಮಿನಿಗೆ ಅದರ ಬಗ್ಗೆ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಆಮೇಲೆ, ಅವಳು ತನಗೂ ಒಂದು ಕೆಲಸ ಹುಡುಕತೊಡಗಿದಾಗ. ಕೆಲಸ ಕೊಡಿಸುವ ಕಚೇರಿಯ ಹೆಣ್ಣುಮಗಳು ಕಂಪ್ಯೂಟರಿನಲ್ಲಿ ಅವಳ ಪೆರ್ಸೂನ್‌ನುಮ್ಮರ್, ಅಂದರೆ ಸರ್ಕಾರಿ ಗುರುತಿನ ಸಂಖ್ಯೆ, ಒತ್ತಿ, "ಏನು ಅನುಭವ?" ಎಂದು ಕೇಳಿದಳು. "ಕಾಫಿ ರುಚಿ ನೋಡುವುದು," ಎಂದಳು ಪದ್ಮಿನಿ. ಆಕೆ ನಕ್ಕು, "ಅದನ್ನು ಇಲ್ಲಿ ನಾವೆಲ್ಲ ದಿನಕ್ಕೆ ಐದು ಸಲ ಮಾಡುತ್ತೇವೆ," ಎಂದಳು. ಕುಹಕವೇನಿರಲಿಲ್ಲ ಆ ನಗುವಿನಲ್ಲಿ. ಆದರೂ ಪದ್ಮಿನಿ ಆಮೇಲೆ ಯಾರ ಹತ್ತಿರವೂ ಆ ಮಾತೆತ್ತಲಿಲ್ಲ. ಡಗಿಸ್ ಎಂಬ ಶಿಶುವಿಹಾರವೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಮಕ್ಕಳಿಗೆ ಗಂಜಿ ಕಾಯಿಸುವುದು, ತಟ್ಟೆ ತೊಳೆಯುವುದು. ನಾಳೆ ಕೆಡಲಿರುವ ಹಾಲನ್ನು ಇವತ್ತೇ ಹಿಡಿದು ಪಕ್ಕಕ್ಕಿಡುವ ಅವಳನ್ನು ಅಲ್ಲಿನ ಮುಖ್ಯಸ್ಥೆ ಬಹಳ ಮೆಚ್ಚಿಕೊಂಡಿದ್ದಳು. ಆರು ವರ್ಷದಲ್ಲಿ ಅವಳ ಮೂಗಿಗೆ ಸಿಕ್ಕ ಮರ್ಯಾದೆ ಅಷ್ಟೇ.

ಸ್ವೀಡಿಷ್ ಕಲಿಯುವ ತರಗತಿಯಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವಳು ಒಫೇಲಿಯಾ. ಮೆಕ್ಸಿಕೋದ ಒಹಾಕ ಸೀಮೆಯವಳು, ಪದ್ಮಿನಿಗಿಂತ ಎರಡು ವರ್ಷ ದೊಡ್ಡವಳು, ಗಟ್ಟಿ ದನಿಯವಳು. ಇಬ್ಬರ ಹರಕು ಸ್ವೀಡಿಷ್ಷೂ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡಿತ್ತು. ತರಗತಿ ಮುಗಿದು ಒಫೇಲಿಯಾ ರೈಲಿನಲ್ಲಿ ಹೋಗಬೇಕಾದ ಸುಂಡ್‌ಬೀಬರ್ಯ್‌ಗೆ ಮನೆ ಬದಲಾಯಿಸಿದ ಮೇಲೂ ಸ್ನೇಹ ಹಾಗೇ ಉಳಿಯಿತು. ಅಲ್ಲಿ ಅವಳು ಒಂದು ಸಣ್ಣ ಕಂಪನಿ ತೆರೆದಿದ್ದಳು. ತನ್ನ ಸೀಮೆಯ ಹಳ್ಳಿಗಳಲ್ಲಿ ಕಾಯಿಸುವ ಮೆಸ್ಕಾಲ್ ಎಂಬ ಮದ್ಯ ತರಿಸಿ ರೆಸ್ಟೋರೆಂಟುಗಳಿಗೆ ಕೊಡುವುದು, ಶನಿವಾರಗಳಲ್ಲಿ ಜನರನ್ನು ಕೂರಿಸಿ ಅದರ ರುಚಿ ನೋಡಲು ಕಲಿಸುವುದು ಅವಳ ಉದ್ಯೋಗ.

ಎರಡು ವರ್ಷದ ಹಿಂದೆ ಅಕ್ಟೋಬರಿನ ಒಂದು ಶನಿವಾರ ಪದ್ಮಿನಿ ಅವಳ ಮನೆಗೆ ಫೀಕಾ ಎಂಬ ಕಾಫಿ-ತಿಂಡಿಗೆಂದು ಹೋದಳು. ಮೇಜಿನ ಮೇಲೆ ದಾಲ್ಚಿನ್ನಿ ಬನ್ನಿನ ಪಕ್ಕದಲ್ಲಿ ನಾಲ್ಕು ಬಾಟಲಿಗಳಿದ್ದವು.

"ನಾನು ಕುಡಿಯುವುದಿಲ್ಲ, ನಿನಗೆ ಗೊತ್ತು," ಎಂದಳು ಪದ್ಮಿನಿ.

"ಕುಡಿ ಅಂತ ಯಾರು ಹೇಳಿದರು? ಬಾಟಲಿ ತೊಳೆಯೋಕೆ ತೆಗೆದೆ," ಎಂದು ಒಫೇಲಿಯಾ ಒಂದರ ಮುಚ್ಚಳ ಬಿಚ್ಚಿದಳು.

ವಾಸನೆ ಮೇಜು ದಾಟಿ ಬಂತು. ಪದ್ಮಿನಿ ಬನ್ನು ಕೆಳಗಿಟ್ಟಳು. ಕೆಂಡದಲ್ಲಿ ಹೂತು ಸುಟ್ಟ ಗೆಣಸಿನ ವಾಸನೆ ಅದು, ಸಿಪ್ಪೆ ಕಪ್ಪಾಗಿ ಒಳಗಿನ ಸಿಹಿ ಹೊರಗೆ ಜಿನುಗಿದಂಥದ್ದು. ಅದರ ಹಿಂದೆ ಹಸಿ ಹುಣಸೆಕಾಯಿ. ಇನ್ನೂ ಹಿಂದೆ, ಬಹಳ ಹಿಂದೆ, ಮೊದಲ ಮಳೆಯ ಹನಿ ಬಿದ್ದ ಕಲ್ಲಿನದು. ಅವಳು ಕೇಳದೆಯೇ ಬಾಟಲಿಯನ್ನು ಹತ್ತಿರಕ್ಕೆಳೆದುಕೊಂಡು ಮೂಸಿದಳು. ಆಮೇಲೆ ಎರಡನೆಯದು. "ಇದು ಅದೇ ಗಿಡದ್ದು, ಆದರೆ ಬೇರೆ ಪಾತ್ರೆಯಲ್ಲಿ ಕಾಯಿಸಿದ್ದು. ಮಡಕೆಯಾ?" ಎಂದಳು. ಮೂರನೆಯದು ಬೇರೆ ಗಿಡ. ನಾಲ್ಕನೆಯದಕ್ಕೆ ಹೊಗೆಯೇ ಇಲ್ಲ, ಕತ್ತರಿಸಿದ ಹುಲ್ಲಿನ ಹಾಗೆ ಹಸಿರು.

ಒಫೇಲಿಯಾ ಕೈಲಿದ್ದ ಮುಚ್ಚಳವನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು. ಮೊದಲನೆಯದು ತಾಮ್ರದ ಹಂಡೆಯಲ್ಲಿ ಕಾಯಿಸಿದ್ದು, ಎರಡನೆಯದು ಮಣ್ಣಿನ ಮಡಕೆಯಲ್ಲಿ, ಮೂರನೆಯದು ಕಾಡುಗಿಡದ್ದು, ನಾಲ್ಕನೆಯದು ಮೆಸ್ಕಾಲೇ ಅಲ್ಲ, ಟಕೀಲಾ.

"ಯಾರು ನೀನು?" ಎಂದಳು ಅವಳು. ಆರು ವರ್ಷದಲ್ಲಿ ಆ ದೇಶದಲ್ಲಿ ಪದ್ಮಿನಿಯನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. ಅವತ್ತು ಪದ್ಮಿನಿ ಐವತ್ತು ಬಟ್ಟಲಿನ ಮೇಜಿನ ಕತೆಯನ್ನೆಲ್ಲ ಹೇಳಿದಳು.

ಒಫೇಲಿಯಾ ಫೋನಿನಲ್ಲಿ ಗಿಡದ ಚಿತ್ರ ತೋರಿಸಿದಾಗ ಪದ್ಮಿನಿಗೆ ನಗು ಬಂತು. ಕತ್ತಾಳೆ. ತುಮಕೂರಿನ ಹತ್ತಿರ ಅವಳ ಸೋದರಮಾವನ ಹೊಲದ ಬೇಲಿಯಲ್ಲಿ ಮುಳ್ಳು ಚಾಚಿಕೊಂಡು ನಿಂತಿರುತ್ತಿದ್ದ ಅದೇ ಜಾತಿ. ಆ ಗಿಡ ಬಲಿಯಲು ಏಳೆಂಟು ವರ್ಷ, ಕಾಡಿನದಾದರೆ ಹದಿನೈದು ವರ್ಷವೂ ಬೇಕಂತೆ. ಎಲೆಯನ್ನೆಲ್ಲ ಕೊಚ್ಚಿದರೆ ಅನಾನಸಿನಂಥ ಗಡ್ಡೆ ಉಳಿಯುತ್ತದೆ. ನೆಲದಲ್ಲಿ ಗುಂಡಿ ತೋಡಿ, ಕಲ್ಲು ಕಾಯಿಸಿ, ಗಡ್ಡೆಗಳನ್ನು ತುಂಬಿ ಮೇಲೆ ಮಣ್ಣು ಮುಚ್ಚಿ ನಾಲ್ಕೈದು ದಿನ ಬೇಯಿಸುತ್ತಾರೆ. ಹೊಗೆಯ ವಾಸನೆ ಬರುವುದು ಅಲ್ಲಿಂದ. ಆಮೇಲೆ ಜಜ್ಜಿ, ಹುದುಗಿಸಿ, ಬಟ್ಟಿ ಇಳಿಸುತ್ತಾರೆ. ಟಕೀಲಾ ಕೂಡ ಆ ಮನೆತನದ್ದೇ, ಒಂದೇ ಒಂದು ಜಾತಿಯ ಗಿಡದಿಂದ, ಹೆಚ್ಚಾಗಿ ಹಬೆಯಲ್ಲಿ ಬೇಯಿಸಿ ಮಾಡಿದ್ದು.

ಅಲ್ಲಿಂದ ಮುಂದೆ ತಿಂಗಳಿಗೆ ಎರಡು ಶನಿವಾರ ಪದ್ಮಿನಿ ರೈಲು ಹತ್ತತೊಡಗಿದಳು. ಬಾಯಿಗೆ ಹಾಕಿಕೊಂಡು ಉಗುಳುವುದು ಅವಳಿಗೆ ಹೊಸದೇನಲ್ಲ. ಅಂಗೈಗೆ ಒಂದು ತೊಟ್ಟು ಹಾಕಿ ಉಜ್ಜಿ, ಮದ್ಯದ ಘಾಟು ಹಾರಿಹೋದ ಮೇಲೆ ಉಳಿಯುವ ಬೆಂದ ಗಡ್ಡೆಯ ವಾಸನೆ ಹಿಡಿಯುವುದನ್ನು ಒಫೇಲಿಯಾ ಕಲಿಸಿದಳು. ಬಟ್ಟಲಿಗೆ ಎತ್ತರದಿಂದ ಸುರಿದಾಗ ಮೇಲೇಳುವ ಗುಳ್ಳೆಗಳು ಎಷ್ಟು ಹೊತ್ತು ನಿಲ್ಲುತ್ತವೆ ಎಂಬುದರಿಂದ ಅದರ ಬಲ ಅಳೆಯುವುದನ್ನೂ ಕಲಿಸಿದಳು. ಮೆಕ್ಸಿಕೋದ ಉತ್ತರದ ಮರುಭೂಮಿಯ ಸೊತೋಲ್ ಎಂಬ ಮದ್ಯ ಕತ್ತಾಳೆಯದೇ ಅಲ್ಲ, ಬೇರೆಯೇ ಒಂದು ಮುಳ್ಳುಪೊದೆಯದು. ಅದನ್ನು ಮೂಸಿದಾಗ ಪದ್ಮಿನಿಗೆ ಒಣಗಿದ ದವನ ನೆನಪಾಯಿತು. ಪಶ್ಚಿಮದ ಬೆಟ್ಟಗಳ ರಾಯ್‌ಸಿಯಾ ಎಂಬ ಇನ್ನೊಂದು ಮದ್ಯ ಮಾಗಿ ಮಾಗಿ ಇನ್ನೇನು ಕೊಳೆಯಬೇಕು ಅನ್ನುವ ಹಲಸಿನ ಹಣ್ಣಿನಂತಿತ್ತು. ಇದನ್ನೆಲ್ಲ ಅವಳು ಒಂದು ಗೆರೆಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟಳು. ಈ ವಾಸನೆಗಳಿಗೆ ಸ್ವೀಡಿಷ್‌ನಲ್ಲಿ ಅವಳ ಹತ್ತಿರ ಮಾತಿರಲಿಲ್ಲ.

ಪ್ರಹ್ಲಾದ ಬೇಡ ಅನ್ನಲಿಲ್ಲ. ಆದರೆ ಅವನಿಗೆ ಇರಿಸುಮುರಿಸಾಗುತ್ತಿತ್ತು. ಒಂದು ಸಂಜೆ ವೆಸ್ಟೆರಾಸ್ ನಿಲ್ದಾಣದಲ್ಲಿ ಕನ್ನಡ ಬಳಗದ ಇಂದುಮತಿ ಎದುರಾಗಿ ಪದ್ಮಿನಿಯನ್ನು ಅಪ್ಪಿಕೊಂಡವಳು, ಯಾಕೋ ಒಂದು ಹೆಜ್ಜೆ ಹಿಂದೆ ಸರಿದಳು. ಪದ್ಮಿನಿಯ ಮೈಯಿಂದ ಮದ್ಯದ ವಾಸನೆ ಬಂತೆಂಬ ಮಾತು ಆ ವಾರವೇ ಪ್ರಹ್ಲಾದನ ಕಿವಿಗೆ ಬಿತ್ತು.

"ಪದ್ಮಿ, ನೀನು ಕುಡಿಯಲ್ಲ ಅಂತ ನಂಗೊತ್ತು. ಆದ್ರೆ ಜನಕ್ಕೆ ಹೇಗೆ ಎಕ್ಸ್‌ಪ್ಲೇನ್ ಮಾಡೋದು?" ಎಂದ ಅವನು.

"ಬೆಂಗಳೂರಲ್ಲಿ ಹೇಗೆ ಎಕ್ಸ್‌ಪ್ಲೇನ್ ಮಾಡ್ತಿದ್ರಿ?"

"ಅದು ಕಾಫಿ ಕಣೇ."

"ಮೂಗು ಅದೇ ಅಲ್ವಾ," ಎಂದಳು ಪದ್ಮಿನಿ. ಪ್ರಹ್ಲಾದ ಒಪ್ಪಿದನೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ.

ಮಾರನೆಯ ವರ್ಷ ಒಫೇಲಿಯಾ ತರಿಸಬೇಕೆಂದಿದ್ದ ಮಾಲನ್ನೆಲ್ಲ ಮೊದಲು ಪದ್ಮಿನಿಗೆ ಕೊಡತೊಡಗಿದಳು. ಅವಳು ಸರಿ ಅಂದರೆ ಸರಿ, ಬೇಡ ಅಂದರೆ ಬೇಡ. ಸೆಪ್ಟೆಂಬರಿನಲ್ಲಿ ಬಂದ ಒಂದು ಮಾದರಿ ಬಾಟಲಿ ಹೊಸಬನದು, ಎಲಾದಿಯೊ ಎಂಬ ಮುದುಕನದು. ಒಣ ಬೆಟ್ಟದ ನಡುವಿನ ಸಣ್ಣ ಹಳ್ಳಿಯವನು, ಆವರೆಗೆ ತನ್ನೂರಿನಿಂದ ಹೊರಗೆ ಮಾರಿದವನಲ್ಲ. ಪದ್ಮಿನಿ ಮೂಸಿದಳು, ಬಾಯಿಗೆ ಹಾಕಿಕೊಂಡಳು, ತಕ್ಷಣ ಉಗುಳಿದಳು. ಹಳೆಯ ಚೀಸಿನ ಹಾಗೆ, ಒದ್ದೆ ಚಪ್ಪಲಿಯ ಹಾಗೆ ಏನೋ ಒಂದು ಮುಂದೆ ಬಂದು ನಿಂತಿತ್ತು. ಕಾಫಿಯಲ್ಲಾಗಿದ್ದರೆ ಎರಡನೇ ಸಲ ನೋಡುವ ಮಾತೇ ಇರಲಿಲ್ಲ.

"ಹುದುಗುವಾಗ ಕೆಟ್ಟಿದೆ. ಬೇಡ," ಎಂದಳು. ಒಫೇಲಿಯಾ ಆವತ್ತೇ ಮುದುಕನ ಮೊಮ್ಮಗಳಿಗೆ ಬೇಡವೆಂದು ಬರೆದು ಹಾಕಿದಳು.

ಉಳಿದ ಒಂದಿಷ್ಟನ್ನು ಪದ್ಮಿನಿ ಚಿಕ್ಕ ಶೀಷೆಯಲ್ಲಿ ಮನೆಗೆ ತಂದಿದ್ದಳು. ಗೆರೆಪುಸ್ತಕದಲ್ಲಿ ತಪ್ಪಿನ ಹೆಸರು ಸರಿಯಾಗಿ ಬರೆಯಬೇಕು, ಅದಕ್ಕೆ ಇನ್ನೊಮ್ಮೆ ಮೂಸಬೇಕು ಅಂತ. ಭಾನುವಾರ ಬೆಳಿಗ್ಗೆ ಒಂದು ಲೋಟಕ್ಕೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ತಿಂಡಿ ಮುಗಿಸಿ ಮೂಸಿದಾಗ ಚಪ್ಪಲಿ ಹಿಂದೆ ಸರಿದಿತ್ತು. ಮಧ್ಯಾಹ್ನಕ್ಕೆ ಒಣ ಅಂಜೂರ ಬಂತು. ನಾಲ್ಕು ಗಂಟೆಗೆ ಮೂಸಿದಾಗ, ತಾಜಾ ಬೆಣ್ಣೆ ಕಾಯಿಸುವಾಗ ತುಪ್ಪವಾಗುವುದಕ್ಕೆ ಸ್ವಲ್ಪ ಮುಂಚೆ ಏಳುವ ಆ ಪರಿಮಳ. ಅವಳು ಲೋಟ ಹಿಡಿದು ನಿಂತೇ ಇದ್ದಳು. ಕೆಟ್ಟ ಮಾಲು ಗಾಳಿಗೆ ಇನ್ನಷ್ಟು ಕೆಡುತ್ತದೆ. ಇದು ಹೊತ್ತು ಹೋದಂತೆ ಒಳ್ಳೆಯದಾಗುತ್ತ ಹೋಗಿತ್ತು. ಹನ್ನೊಂದು ವರ್ಷ ಅವಳು ಮಾಡಿದ್ದು ತಪ್ಪು ಹುಡುಕುವ ಕೆಲಸ. ಗೊತ್ತಿಲ್ಲದ್ದು ಎದುರಾದಾಗ ಅದನ್ನೂ ತಪ್ಪಿನ ಪಟ್ಟಿಗೆ ಸೇರಿಸಿಬಿಟ್ಟಿದ್ದಳು.

ಸೋಮವಾರ ಡಗಿಸ್‌ನ ಫೀಕಾ ಹೊತ್ತಿಗೆ, ಮಕ್ಕಳ ಸಾಲು ಸಾಲು ಬೂಟುಗಳ ಪಕ್ಕ ನಿಂತು ಅವಳು ಒಫೇಲಿಯಾಗೆ ಫೋನ್ ಮಾಡಿದಳು. "ನಾನು ಅವಸರ ಮಾಡಿದೆ. ಆ ಮುದುಕರ ಹತ್ತಿರ ಮಾತಾಡಬೇಕು, ಹೇಗೆ ಮಾಡುತ್ತಾರೆ ಅಂತ ಕೇಳಬೇಕು."

"ಬೇಡ ಅಂತ ಬರೆದಾಗಿದೆ, ಪದ್ಮಿನಿ."

"ಅದಕ್ಕೇ ಮಾತಾಡಬೇಕು."

ಬುಧವಾರ ಸಂಜೆ ಐದಕ್ಕೆ, ಅಲ್ಲಿ ಬೆಳಿಗ್ಗೆ, ವಿಡಿಯೋ ಕರೆ ಕೂಡಿಬಂತು. ಪದ್ಮಿನಿ ಕೆಲಸದಿಂದ ನೇರ ರೈಲು ಹತ್ತಿ ಸುಂಡ್‌ಬೀಬರ್ಯ್‌ಗೆ ಹೋಗಿದ್ದಳು. ಪರದೆಯ ಮೇಲೆ ಹುಲ್ಲಿನ ಟೋಪಿ ಹಾಕಿದ ಸಣಕಲು ಮನುಷ್ಯ, ಎಪ್ಪತ್ತರ ಮೇಲೆ ವಯಸ್ಸು. ಫೋನು ಹಿಡಿದವಳು ಮೊಮ್ಮಗಳು. ಒಫೇಲಿಯಾ ನಡುವೆ ಕೂತು ಎರಡೂ ಕಡೆಯ ಮಾತು ದಾಟಿಸುತ್ತಿದ್ದಳು.

"ವಾಸನೆ ಇದೆ ಅಂದರಂತೆ. ಸರಿಯಾಗಿಯೇ ಹೇಳಿದ್ದಾರೆ," ಎಂದ ಎಲಾದಿಯೊ. ಬೇಸರವಿರಲಿಲ್ಲ ದನಿಯಲ್ಲಿ. "ಅದು ಚರ್ಮದ್ದು. ತೋರಿಸು ಮಗಳೇ."

ಫೋನು ಅಂಗಳದ ಕಡೆ ತಿರುಗಿತು. ನಾಲ್ಕು ಗೂಟಗಳ ನಡುವೆ ತೊಟ್ಟಿಲಿನ ಹಾಗೆ ಇಳಿಬಿಟ್ಟ ಒಂದು ಇಡೀ ಎತ್ತಿನ ಚರ್ಮ. ಅದರೊಳಗೆ ಜಜ್ಜಿದ ಗಡ್ಡೆ ನೊರೆ ಎಬ್ಬಿಸುತ್ತ ಹುದುಗುತ್ತಿತ್ತು.

"ಎಲ್ಲ ಊರಲ್ಲೂ ಮರದ ತೊಟ್ಟಿ. ನಮ್ಮ ಬೆಟ್ಟದಲ್ಲಿ ತೊಟ್ಟಿಯಾಗುವಂಥ ಮರ ಇಲ್ಲ. ನನ್ನ ಅಜ್ಜ ಹೀಗೇ ಮಾಡುತ್ತಿದ್ದ, ಅವನ ಅಜ್ಜನೂ."

ಪದ್ಮಿನಿಯ ಕೈ ತಾನಾಗಿ ಬಾಯಿಗೆ ಹೋಯಿತು. ಮೊಟ್ಟೆ ಕೂಡ ಬಾರದ ಮನೆಯಲ್ಲಿ ಬೆಳೆದವಳು ಅವಳು. ಉಗುಳಿದ್ದೆ ಎಂಬುದು ಆ ಕ್ಷಣ ಸಮಾಧಾನ ಕೊಡಲಿಲ್ಲ. ಒಫೇಲಿಯಾ ಮಾತು ನಿಲ್ಲಿಸಿ ಅವಳ ಮುಖ ನೋಡಿದಳು. ಪರದೆಯಲ್ಲಿ ಮುದುಕ ಕಾಯುತ್ತಿದ್ದ.

ಪದ್ಮಿನಿ ಕೈ ಕೆಳಗಿಳಿಸಿ ಹೇಳಿದಳು: "ಅವರಿಗೆ ಹೇಳು. ನಾನು ಕೆಟ್ಟಿದೆ ಅಂದೆ, ಅದು ತಪ್ಪು. ಮಾಲು ಕೆಟ್ಟಿಲ್ಲ. ನನಗೆ ಗೊತ್ತಿರಲಿಲ್ಲ. ಕೇಳದೆ ಹೇಳಿದ್ದಕ್ಕೆ ಕ್ಷಮಿಸಬೇಕು."

ಒಫೇಲಿಯಾ ಹೇಳಿದಳು. ಮುದುಕ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಆಕೆ ಯಾವ ಊರಿನವರು?"

"ಇಂಡಿಯಾ."

"ಅಲ್ಲಿ ಈ ಗಿಡ ಇದೆಯಾ?"

"ಇದೆ. ಬೇಲಿಗೆ ಹಾಕುತ್ತೇವೆ. ನಾರು ತೆಗೆದು ಹಗ್ಗ ಹೊಸೆಯುತ್ತೇವೆ," ಎಂದಳು ಪದ್ಮಿನಿ.

"ಹಗ್ಗ ನಾವೂ ಹೊಸೆಯುತ್ತೇವೆ. ಗಡ್ಡೆ ಏನು ಮಾಡುತ್ತೀರಿ?"

"ಏನೂ ಇಲ್ಲ. ಬಿಟ್ಟುಬಿಡುತ್ತೇವೆ."

ಮುದುಕ ಮೊಮ್ಮಗಳ ಕಡೆ ತಿರುಗಿ ಏನೋ ಹೇಳಿದ, ಫೋನು ಅಲ್ಲಾಡುವಷ್ಟು ಅವಳು ನಕ್ಕಳು. "ಅಂಥ ಶ್ರೀಮಂತ ದೇಶ ನೋಡಿಲ್ಲ ಅಂತಿದ್ದಾನೆ," ಎಂದಳು ಒಫೇಲಿಯಾ. ಪದ್ಮಿನಿಗೂ ನಗು ಬಂತು. ಆಮೇಲೆ ಅವಳು ಒಂದು ಗಂಟೆ ಪ್ರಶ್ನೆ ಕೇಳಿದಳು. ಎಷ್ಟು ದಿನ ಹುದುಗುತ್ತದೆ, ಚಳಿಯಲ್ಲಿ ಎಷ್ಟು, ಯಾವ ಸೌದೆ, ಸರಿಯಾಯಿತೆಂದು ಹೇಗೆ ಗೊತ್ತಾಗುತ್ತದೆ. ಕೊನೆಯ ಪ್ರಶ್ನೆಗೆ ಮುದುಕ, "ಕಿವಿ ಇಟ್ಟು ಕೇಳುತ್ತೇನೆ, ನೊರೆಯ ಸದ್ದು ನಿಂತಾಗ," ಎಂದ. ಮಾತು ಮುಗಿಯುವಷ್ಟರಲ್ಲಿ ಒಫೇಲಿಯಾ ಇನ್ನೂರು ಬಾಟಲಿಗೆ ಒಪ್ಪಿಕೊಂಡಿದ್ದಳು.

ಮನೆಗೆ ಬಂದು ಪದ್ಮಿನಿ ಊಟದ ಮೇಜಿನಲ್ಲಿ ಎಲ್ಲ ಹೇಳಿದಳು. ಪ್ರಹ್ಲಾದ ಚಪಾತಿ ಮುರಿಯುವುದನ್ನು ನಿಲ್ಲಿಸಿದ.

"ಬಾಯಿಗೆ ಹಾಕ್ಕೊಂಡಿದ್ಯಾ?"

"ಹೂಂ. ಗೊತ್ತಿರ್ಲಿಲ್ಲ. ಉಗುಳ್ದೆ."

"ಈಗ ಹೇಗನ್ನಿಸ್ತಿದೆ ನಿಂಗೆ?"

"ಒಂಥರಾ ಆಯ್ತು ರೀ. ಆದ್ರೆ ಆ ತಾತನ ಮೇಲೆ ಏನೂ ಇಲ್ಲ. ನನ್ ಮೇಲೇ ಬೇಜಾರು. ನಾನು ಅವ್ರನ್ನ ಕೇಳ್ಲೇ ಇಲ್ಲ, ನೋಡಿ."

"ಬಿಟ್‌ಬಿಡ್ತೀಯಾ ಇದನ್ನೆಲ್ಲ?"

"ಬಿಡಲ್ಲ. ಚರ್ಮದ್ದು ಬಾಯಿಗೆ ಹಾಕಲ್ಲ, ಮೂಸಿ ಮಾತ್ರ ನೋಡ್ತೀನಿ. ಮೂಗಿಗೆ ಮಡಿ ಇಲ್ಲ."

ಇಳಾ ಫೋನಿನಿಂದ ತಲೆಯೆತ್ತಿ, ಅಮ್ಮ ಆ ಮುದುಕನಿಗೆ ಸಾರಿ ಕೇಳಿದ್ದು ಕೂಲ್ ಅಂತ ಸ್ವೀಡಿಷ್‌ನಲ್ಲಿ ಹೇಳಿ ಮತ್ತೆ ಫೋನಿಗೆ ಮರಳಿದಳು. ಹದಿನಾಲ್ಕರ ಮಗಳ ಬಾಯಿಂದ ಬಂದ ಆ ಒಂದು ಮಾತು ಪದ್ಮಿನಿಗೆ ಸಾಕಾಗಿತ್ತು.

ಮುಂದಿನ ವಾರ ಗಣೇಶನ ಹಬ್ಬಕ್ಕೆ ಕನ್ನಡ ಬಳಗ ಸೇರಿದಾಗ ಇಂದುಮತಿ ಪಾಯಸದ ಬಟ್ಟಲು ಹಿಡಿದು, "ಪದ್ಮಿನಿ ವೀಕೆಂಡ್‌ಗಳಲ್ಲಿ ಕಾಣೋದೇ ಇಲ್ಲ, ಏನು ಬ್ಯುಸಿ?" ಎಂದು ಪ್ರಹ್ಲಾದನನ್ನು ಕೇಳಿದಳು. ಸುತ್ತ ನಾಲ್ಕೈದು ಜನರಿದ್ದರು.

"ಅವಳ ಹಳೇ ಕೆಲ್ಸ ವಾಪಸ್ ಸಿಕ್ಕಿದೆ. ಟೇಸ್ಟರ್. ಮೆಕ್ಸಿಕೋದ ಸ್ಪಿರಿಟ್ಸ್‌ಗೆ," ಎಂದ ಪ್ರಹ್ಲಾದ. "ಇವಳು ಓಕೆ ಅನ್ನದೆ ಒಂದು ಬಾಟ್ಲೂ ಈ ದೇಶಕ್ಕೆ ಬರಲ್ಲ." ಅದು ಒಂದು ಕಂಪನಿಯ ಮಟ್ಟಿಗೆ ಮಾತ್ರ ನಿಜವಾಗಿತ್ತು. ದೂರದಲ್ಲಿ ಕೋಸಂಬರಿ ಬಡಿಸುತ್ತಿದ್ದ ಪದ್ಮಿನಿ ತಿದ್ದಲು ಹೋಗಲಿಲ್ಲ.

ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ ಎರಡಕ್ಕೆ ಅವಳೇ ಮೊದಲ ಬಾರಿ ತರಗತಿ ನಡೆಸಿದಳು. ಒಫೇಲಿಯಾ ಬೇಕೆಂದೇ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಸುಂಡ್‌ಬೀಬರ್ಯ್‌ನ ಒಂದು ಅಪಾರ್ಟ್‌ಮೆಂಟಿನ ಕೆಳಗಿನ ಸಭಾಕೋಣೆ, ಹದಿನಾಲ್ಕು ಜನ, ಎಲ್ಲರ ಮುಂದೆ ಐದೈದು ಸಣ್ಣ ಬಟ್ಟಲು. ಕಿಟಕಿಯಾಚೆ ಹಿಮ ಕರಗಿ ಚಾವಣಿಯಿಂದ ತೊಟ್ಟಿಕ್ಕುತ್ತಿತ್ತು. ಪ್ರಹ್ಲಾದ ಮೂಲೆಯಲ್ಲಿ ನೀರಿನ ಲೋಟ ಹಿಡಿದು ಕೂತಿದ್ದ. ಇಳಾ ಬಾಗಿಲ ಹತ್ತಿರ ಹೆಸರಿನ ಪಟ್ಟಿ ನೋಡಿಕೊಳ್ಳುತ್ತಿದ್ದಳು.

"ಕುಡಿಯಬೇಡಿ," ಎಂದು ಶುರುಮಾಡಿದಳು ಪದ್ಮಿನಿ. ಎಲ್ಲರೂ ನಕ್ಕರು. ಅವಳು ಹೇಳಿದ್ದು ನಿಜಕ್ಕೇ. ಮೊದಲು ಅಂಗೈಗೆ ಒಂದು ತೊಟ್ಟು ಹಾಕಿಸಿದಳು, ಉಜ್ಜಿಸಿದಳು, ಮೂಸಿಸಿದಳು. "ಏನು ನೆನಪಾಗುತ್ತದೆ? ಪುಸ್ತಕದ ಮಾತು ಬೇಡ. ನಿಮ್ಮ ಮನೆಯ ಮಾತು ಹೇಳಿ."

"ನನಗೆ ಕೆಂಡದಲ್ಲಿ ಸುಟ್ಟ ಗೆಣಸು," ಎಂದಳು ಪದ್ಮಿನಿ. ಆಗ ಮುಂದಿನ ಸಾಲಿನ ವಯಸ್ಸಾದ ಒಬ್ಬರು ಅಂಗೈ ಮೂಗಿನಿಂದ ತೆಗೆಯದೆಯೇ, "ಅಪ್ಪನ ದೋಣಿ. ಪ್ರತಿ ವಸಂತದಲ್ಲೂ ಅದಕ್ಕೆ ಟಾರು ಬಳಿಯುತ್ತಿದ್ದ," ಎಂದರು. ಪಕ್ಕದ ಹೆಂಗಸು ಸೌನಾ ಹಬೆಕೋಣೆಯ ಮರದ ಬೆಂಚು ಎಂದಳು. ಇನ್ನೊಬ್ಬ ಹೊಗೆ ಹಾಕಿದ ಮೀನು ಎಂದ. ಆಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟವಾಯಿತು. ಒಂದು ಹಂತದಲ್ಲಿ ಮುಗ್ಗಲಿಗೆ ಸ್ವೀಡಿಷ್ ಮಾತು ಹೊಳೆಯದೆ ಪದ್ಮಿನಿ ತಡವರಿಸಿದಳು. ಬಾಗಿಲಿನಿಂದ ಇಳಾ, "ಉಂಕೆನ್, ಅಮ್ಮ," ಎಂದಳು. ಪದ್ಮಿನಿ ಆ ಪದವನ್ನು ಎರಡು ಸಲ ಹೇಳಿ ಮುಂದುವರಿದಳು.

ಐದನೆಯ ಬಟ್ಟಲು ಎಲಾದಿಯೊನದು. ಅದನ್ನು ಮೂಸಿ ಕೆಲವರು ಮುಖ ಹಿಂಡಿದರು. ಪದ್ಮಿನಿ ಗೂಟಗಳ ನಡುವಿನ ಚರ್ಮದ ಕತೆ ಹೇಳಿದಳು, ತಾನು ಬೇಡವೆಂದಿದ್ದನ್ನೂ ಮುಚ್ಚಿಡದೆ ಹೇಳಿದಳು. "ಇದನ್ನು ಈಗ ಪಕ್ಕಕ್ಕಿಡಿ. ಅರ್ಧ ಗಂಟೆ ಬಿಟ್ಟು ನೋಡಿ. ಇದನ್ನು ನಾನು ಮಾತ್ರ ಬಾಯಿಗೆ ಹಾಕುವುದಿಲ್ಲ. ನಾನು ಸಸ್ಯಾಹಾರಿ."

"ಹಾಗಾದರೆ ಒಳ್ಳೆಯದು ಅಂತ ಹೇಗೆ ಹೇಳುತ್ತೀರಿ?" ಎಂದು ಒಬ್ಬ ಯುವಕ ಕೇಳಿದ. ಬೇಕೆಂದು ಕೆಣಕಿದ್ದಲ್ಲ, ಅವನಿಗೆ ತಿಳಿಯಬೇಕಿತ್ತು.

"ಒಳ್ಳೆಯದು ಅಂತ ಹೇಳುತ್ತಿಲ್ಲ. ಮಾಡಿದವರು ಏನು ಮಾಡಬೇಕೆಂದಿದ್ದರೋ ಅದು ಸರಿಯಾಗಿ ಆಗಿದೆ ಅಂತ ಹೇಳುತ್ತಿದ್ದೇನೆ. ಅಷ್ಟು ಮೂಗಿಗೆ ಗೊತ್ತಾಗುತ್ತದೆ. ನಿಮಗೆ ಇಷ್ಟವೋ ಅಲ್ಲವೋ ಅದು ನಿಮ್ಮದು."

ಅರ್ಧ ಗಂಟೆಯ ಮೇಲೆ ಆ ಯುವಕನೇ ಮೊದಲು ಬಟ್ಟಲು ಎತ್ತಿಕೊಂಡ. ಮೂಸಿ, ಒಂದು ಗುಟುಕು ಹೀರಿ, "ಅಂಜೂರ," ಎಂದ, ಅನುಮಾನಿಸುತ್ತ. ಪದ್ಮಿನಿ ಹೌದೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಪ್ರಹ್ಲಾದ ಮೂಲೆಯಿಂದ ಎದ್ದು ಬಂದು ಖಾಲಿಯಾಗಿದ್ದ ಒಂದು ಬಟ್ಟಲನ್ನು ಮೂಗಿಗೆ ಹಿಡಿದು ನಿಂತಿದ್ದ. ಏನು ಗೊತ್ತಾಯಿತೆಂದು ಅವಳು ಕಣ್ಣಿನಲ್ಲೇ ಕೇಳಿದಳು. ಏನೂ ಇಲ್ಲವೆಂದು ಅವನು ಕೈಯಾಡಿಸಿದ. ಆದರೂ ಬಟ್ಟಲು ಕೆಳಗಿಡಲಿಲ್ಲ.

ಬೇಸಿಗೆಯ ಹೊತ್ತಿಗೆ ಪದ್ಮಿನಿ ಡಗಿಸ್‌ನ ಕೆಲಸವನ್ನು ವಾರಕ್ಕೆ ಮೂರು ದಿನಕ್ಕಿಳಿಸಿ ಉಳಿದ ಎರಡು ದಿನ ಒಫೇಲಿಯಾಳ ಕಂಪನಿಗೆ ಸೇರಿದಳು. ನೇಮಕದ ಪತ್ರದಲ್ಲಿ ಅವಳ ಹುದ್ದೆಯ ಹೆಸರು ಸ್ವೀಡಿಷ್‌ನಲ್ಲಿತ್ತು, ರುಚಿ ನೋಡುವವಳು ಅಂತಲೇ ಅರ್ಥ. ಈಗ ಅವಳು ಗ್ರಂಥಾಲಯದಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ತರಗತಿಗೆಲ್ಲ ಅವಳೇ ಹಿರಿಯಳು. ನವೆಂಬರಿನಲ್ಲಿ ಎಲಾದಿಯೊನ ಹಳ್ಳಿಯಲ್ಲಿ ಗುಂಡಿಗೆ ಬೆಂಕಿ ಹಾಕುತ್ತಾರೆ, ನೋಡಲು ಬಾ ಎಂದು ಮೊಮ್ಮಗಳು ಬರೆದಿದ್ದಾಳೆ. ಮೂರು ವಾರದ ರಜೆ ಕೇಳಿದಾಗ ಅಡುಗೆಮನೆಯ ಮುಖ್ಯಸ್ಥೆ, "ಹೋಗು, ಹಾಲು ನಾವೇ ಮೂಸಿಕೊಳ್ಳುತ್ತೇವೆ," ಎಂದಳಂತೆ.

ಟಿಕೆಟ್ ತೆಗೆದ ದಿನ ಪ್ರಹ್ಲಾದ ಲ್ಯಾಪ್‌ಟಾಪಿನಲ್ಲಿ ಆ ಹಳ್ಳಿಯ ನಕ್ಷೆ ತೆರೆದು ಬಹಳ ಹೊತ್ತು ನೋಡಿದ. "ಅಲ್ಲಿ ಊಟಕ್ಕೆ ಏನ್ ಮಾಡ್ತೀಯಾ?"

"ಮೆಕ್ಕೆಜೋಳದ ರೊಟ್ಟಿ, ಬೀನ್ಸ್ ಕಾಳು, ಮೆಣಸಿನಕಾಯಿ ಚಟ್ನಿ. ಕೇಳ್ಕೊಂಡಿದೀನಿ."

"ನಮಗಿಂತ ಚೆನ್ನಾಗೇ ಊಟ ಮಾಡ್ತಾರಲ್ಲ," ಎಂದು ಅವನು ನಕ್ಷೆಯನ್ನು ಇನ್ನಷ್ಟು ದೊಡ್ಡದು ಮಾಡಿದ. "ಒಂದು ರೂಮಲ್ಲಿ ಇಬ್ಬರಿಗೆ ಜಾಗ ಇರುತ್ತಾ ಕೇಳು."